ದಾಸ್ತಾನು ಕೋಣೆಗೆ ಬಿದ್ದ ಸರ್ಜನ್

ದರ್ಜಿಯ ಮಗಳು ಸೈನ್ಯದಲ್ಲಿ ಸರ್ಜನ್ ಆಗಿ ಸೇರಿದ ದಿನ ಅಪ್ಪ ಹೇಳಿದ್ದಿಷ್ಟೇ: "ನಾನು ತಪ್ಪು ಹೊಲಿದ್ರೆ ಬಿಚ್ಚಿ ಮತ್ತೆ ಹೊಲೀತೀನಿ. ನೀನು ನೋಡ್ಕೊಂಡು ಹೊಲಿಯಮ್ಮ." ಮನೆಮಂದಿಯೆಲ್ಲ ನಕ್ಕರು.

ಅವಳ ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಸೇವೆಯ ಏಳನೆಯ ವರ್ಷಕ್ಕೆ ಮೇಜರ್ ಆಗಿ ಗಡಿಯ ಡೇರೆ ಆಸ್ಪತ್ರೆಗೆ ಹೋದಳು. ಅಲ್ಲಿ ಎರಡು ಮೇಜು, ಕೆಮ್ಮುತ್ತ ಓಡುವ ಒಂದು ಜನರೇಟರ್. ರಕ್ತ ಕೆಡದಂತೆ ಇಡಲು ಶೀತಪೆಟ್ಟಿಗೆ ಮಾತ್ರ ಇಲ್ಲ. ಮೂರು ಸಲ ಬರೆದು ಕೇಳಿದ್ದಳು, ಉತ್ತರವಿರಲಿಲ್ಲ.

ಒಂದು ಮಧ್ಯಾಹ್ನ ಸೈನಿಕರ ಲಾರಿ ಕಣಿವೆಗೆ ಉರುಳಿತು. ಒಂಬತ್ತು ಮಂದಿ ಬಂದರು, ಎಂಟು ಮಂದಿ ಉಳಿದರು. ಒಂಬತ್ತನೆಯವನು ಪಡೆಯ ಅಡುಗೆಯವನು. ಅವನ ತೊಡೆಯ ರಕ್ತನಾಳವನ್ನು ಅವಳು ಹೊಲಿದಳು, ಹೊಲಿಗೆಯೂ ನಿಂತಿತು. ಆದರೆ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ನರ್ಸು ತನ್ನ ತೋಳು ಚಾಚಿ ಕೊಟ್ಟದ್ದು ಸಾಲಲಿಲ್ಲ.

"ಗಾಯ ಜೋರಾಗಿತ್ತು ಅಂತ ಬರೀರಿ, ಸಾಕು," ಎಂದರು ಮೇಲಧಿಕಾರಿ ಕರ್ನಲ್, ಸಾವಿನ ವರದಿಯ ಹಾಳೆ ಮುಂದಿಟ್ಟು.

"ಪೆಟ್ಟಿಗೆ ಇಲ್ದೆ ಸತ್ತ ಸಾರ್. ಹಾಗೇ ಬರೀತೀನಿ."

"ನಿಮ್ಮ ತಲೆಗೇ ಸುತ್ಕೊಳ್ಳುತ್ತೆ."

"ಸುತ್ಕೊಳ್ಲಿ ಸಾರ್."

ತಿಂಗಳೊಳಗೆ ಅವಳನ್ನು ಔಷಧ ದಾಸ್ತಾನಿನ ಕಚೇರಿಗೆ ಎತ್ತಿಹಾಕಿದರು. ಹೋಗುವ ದಾರಿಯಲ್ಲಿ ಅಡುಗೆಯವನ ಅಕ್ಕನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಒಗೆದ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು.

"ನಿಜ ಹೇಳಿದ್ರಿ, ಆಯ್ತು. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಅವಳು ಎದ್ದು ಬಂದಳು.

ಕತ್ತರಿ ಹಿಡಿದ ಕೈಗೆ ರಬ್ಬರ್ ಸ್ಟಾಂಪು ಬಂತು. ಮೇಷ್ಟ್ರಾಗಿದ್ದ ಗಂಡ, "ಊಟದ ಹೊತ್ತಿಗೆ ಮನೇಲಿರ್ತೀಯ. ನಮ್ಮ ಮಕ್ಕಳಿಗೆ ನಿನ್ನ ಪರಿಚಯ ಮಾಡಿಸ್ತೀನಿ," ಎಂದು ತಮಾಷೆ ಮಾಡಿದ. ಅವಳು ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಅತ್ತಳು. ಎರಡು ತಿಂಗಳು ಮುಖ ಊದಿಸಿಕೊಂಡೇ ಕೆಲಸ ಮಾಡಿದಳು.

ಮೂರನೆಯ ತಿಂಗಳು ಗೋದಾಮು ನೋಡಲು ಹೋದರೆ, ನಲವತ್ತು ಶೀತಪೆಟ್ಟಿಗೆಗಳು ಧೂಳು ಹೊದ್ದು ಕೂತಿದ್ದವು. ಒಂದು ಪೆಟ್ಟಿಗೆ ಹೊರಡಲು ಏಳು ಸಹಿ ಬೇಕು. ಐದನೆಯ ಸಹಿಯ ಕುರ್ಚಿ ಒಂದು ವರ್ಷದಿಂದ ಖಾಲಿ. ಆ ಮೇಜಿನ ಟ್ರೇಯಲ್ಲಿ, ಪೆಟ್ಟಿಗೆ ಕೇಳಿ ಅವಳೇ ಬರೆದಿದ್ದ ಮೂರು ಕಾಗದಗಳು ಸಿಕ್ಕವು. ಯಾರ ದ್ವೇಷವೂ ಇರಲಿಲ್ಲ. ಸುಮ್ಮನೆ ಬಿದ್ದಿದ್ದವು, ಅಷ್ಟೆ. ಧೂಳು ಒರೆಸಿ ಮೂರನ್ನೂ ಒಂದು ಫೈಲಿಗೆ ಸೇರಿಸಿದಳು.

ಅಂದಿನಿಂದ ಫೈಲು ಕಂಕುಳಲ್ಲಿಟ್ಟು ಮೇಜಿನಿಂದ ಮೇಜಿಗೆ ಅಲೆದಳು. ಗುಮಾಸ್ತರು ಅವಳನ್ನು ಕಂಡರೆ ಮರೆಯಾಗುತ್ತಿದ್ದರು. ಖಾಲಿ ಕುರ್ಚಿಯ ಸಹಿಯನ್ನು ಮೇಲಿನವರಿಂದಲೇ ಹಾಕಿಸಿದಳು. ವಾರದೊಳಗೆ ಪೆಟ್ಟಿಗೆಗಳು ಗಡಿಗೆ ಹೊರಟವು. ಎರಡು ವರ್ಷದಲ್ಲಿ ಏಳು ಸಹಿ ಎರಡಕ್ಕಿಳಿಯಿತು. ವೈದ್ಯದಳದ ಮುಖ್ಯಸ್ಥರು ಕರೆಸಿ, "ನಿಮಗೆ ಕತ್ತರಿಸೋದು ಚೆನ್ನಾಗಿ ಬರುತ್ತೆ," ಎಂದು ನಕ್ಕರು. ಒಂದು ದೊಡ್ಡ ಆಸ್ಪತ್ರೆಯನ್ನೇ ಕೈಗೆ ಕೊಟ್ಟರು.

ಅಲ್ಲಿ ಮತ್ತೆ ಕತ್ತರಿ ಹಿಡಿದಳು, ಆದರೆ ಮೆಟ್ಟಿಲು ಹತ್ತಿದಂತೆಲ್ಲ ಆಪರೇಷನ್ ಕೋಣೆ ದೂರವಾಯಿತು. ಐವತ್ತಾರನೆಯ ವಯಸ್ಸಿಗೆ ಜನರಲ್ ಆಗಿ ಇಡೀ ವೈದ್ಯದಳದ ಹೊಣೆ ಹೊತ್ತಾಗ, ಅವಳು ಕತ್ತರಿ ಮುಟ್ಟಿ ನಾಲ್ಕು ವರ್ಷವಾಗಿತ್ತು. ಸಾವಿನ ವರದಿಗಳು ಯಾರೂ ತಿದ್ದದೆ ನೇರ ತನ್ನ ಮೇಜಿಗೇ ಬರಬೇಕೆಂದು ಆಜ್ಞೆ ಮಾಡಿದಳು. ಬೆಳಿಗ್ಗೆ ಮೊದಲು ಅವನ್ನೇ ಓದಿ, ಬರೆದ ಡಾಕ್ಟರಿಗೆ ತಾನೇ ಫೋನ್ ಮಾಡುತ್ತಿದ್ದಳು.

"ನಂದೇ ತಪ್ಪಾ ಮೇಡಂ?" ಎಂದು ಒಬ್ಬ ಹೊಸ ಡಾಕ್ಟರು ತಡವರಿಸಿದ.

"ಸ್ವಲ್ಪ ನಿಮ್ದೂ ಇದೆ. ಮುಚ್ಚಿಡದೆ ಬರೆದಿದ್ದೀರಿ, ಒಳ್ಳೇದಾಯ್ತು. ಮಿಕ್ಕಿದ್ದು ನಾನು ನೋಡ್ಕೋತೀನಿ. ಈಗ ಹೋಗಿ ಏನಾದ್ರೂ ತಿನ್ನಿ."