ಅಪ್ಪ ಹಗೇವಿಗೆ ಇಳಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಊಟವೆಲ್ಲ ನೆಲದ ಕೆಳಗಿರುತ್ತಿತ್ತು. ನಗಬೇಡಿ ಮಕ್ಕಳೇ, ನಿಜವಾಗಿಯೂ ಹಾಗೇ ಇತ್ತು. ಬೇವೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಜೋಳ ಬೆಳೆಯುವ ಮನೆಗಳಿಗೆಲ್ಲ ಒಂದೊಂದು ಹಗೇವು ಇತ್ತು. ಹಗೇವು ಎಂದರೆ ಕಾಳು ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಆಳವಾದ ಗುಂಡಿ. ಅದರ ಆಕಾರ ನೀರು ತರುವ ಕೊಡದಂತೆ. ಬಾಯಿ ಬಹಳ ಕಿರಿದು. ದೊಡ್ಡವರು ತೋಳು ಮೇಲೆತ್ತಿ, ಮೈ ಹಿಡಿಮಾಡಿಕೊಂಡು ಇಳಿಯಬೇಕು. ಒಳಗೆ ಹೊಟ್ಟೆ ದೊಡ್ಡದು. ಎರಡೂ ಕೈ ಚಾಚಿದರೂ ಗೋಡೆ ಸಿಗದು. ತಳಕ್ಕೂ ಸುತ್ತಲೂ ಜೋಳದ ಕಣಿಕೆ, ಅಂದರೆ ಒಣ ದಂಟು ಹಾಸಿ, ಒಣಗಿದ ಜೋಳ ಸುರಿದು, ಮೇಲೆ ಬೂದಿ ಚೆಲ್ಲಿ, ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗಿನ ಕಾಳಿಗೆ ಹುಳವಿಲ್ಲ, ಇಲಿಯಿಲ್ಲ, ಕಳ್ಳನೂ ಇಲ್ಲ. ನಮ್ಮ ಹಗೇವು ಮನೆಯ ಮುಂದಿನ ಅಂಗಳದಲ್ಲೇ ಇತ್ತು. ನಾವು ಅದರ ಮೇಲೆಯೇ ಕುಣಿದಾಡುತ್ತಿದ್ದೆವು. ಜೋಳ ತೀರುತ್ತ ಬಂದಂತೆ ಕಾಲ ಕೆಳಗಿನ ಸದ್ದು ಬದಲಾಗುತ್ತಿತ್ತು. ಪೂರಾ ಖಾಲಿಯಾದಾಗ ದೊಡ್ಡ ಡೊಳ್ಳಿನ ಮೇಲೆ ಕುಣಿದಂತೆ ಧಮ್ ಧಮ್ ಎನ್ನುತ್ತಿತ್ತು.

ಆಗ ದೂರದ ದೇಶಗಳಲ್ಲಿ ಮಹಾಯುದ್ಧ ನಡೆದಿತ್ತು. ನಮ್ಮದು ನಿಜಾಮರ ಸೀಮೆಯ ಮೂಲೆಯ ಊರು. ಯುದ್ಧದ ಸದ್ದು ನಮಗೆ ಕೇಳಿಸುತ್ತಿರಲಿಲ್ಲ. ಆದರೆ ಕುಷ್ಟಗಿಯ ಸಂತೆಗೆ ಹೋದ ಅಪ್ಪ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಹಗುರಾದ ಚೀಲ ಹೊತ್ತು ಬರುತ್ತಿದ್ದ. ಒಮ್ಮೆ ಸಕ್ಕರೆ ಇಲ್ಲ, ಒಮ್ಮೆ ಬಟ್ಟೆ ಇಲ್ಲ, ಆಮೇಲೆ ಕಡ್ಡಿಪೆಟ್ಟಿಗೆಯೂ ಇಲ್ಲ. ನಾವು ‘ಆಯಿ’ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ದಿನ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದಳು:

“ಇದು ನಾಕು ದಿನದ ಮಾತಲ್ಲ. ಮುಂದಿನ ಸುಗ್ಗಿ ಬರೂತನಕ ಯಾರ ಬಾಗಲಿಗೂ ಹೋಗಿ ನಿಂದರಬಾರದು. ಹಂಗ ತುಂಬ್ರಿ ಮನೀನ.”

ಮನೆ ತುಂಬುವ ಆ ದಿನಗಳ ಸಂತೋಷವನ್ನು ಹೇಗೆ ಹೇಳಲಿ! ಅದು ಕಷ್ಟಕಾಲದ ತಯಾರಿ ಎಂದು ನಮಗೆ ಅನ್ನಿಸಲೇ ಇಲ್ಲ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸಿ, ಹರಳುಪ್ಪು ಬೆರೆಸಿ, ಗಡಿಗೆಗೆ ಗುದ್ದಿ ಗುದ್ದಿ ತುಂಬಿದಳು. ಆ ಹುಳಿ ವಾಸನೆಗೇ ನಮ್ಮ ಬಾಯಲ್ಲಿ ನೀರು. ಹುಳ ಹಿಡಿಯದಂತೆ ತೊಗರಿಗೆ ಕೆಮ್ಮಣ್ಣು ಸವರಿ ಬಿಸಿಲಿಗೆ ಹರವಿದಾಗ ಅಂಗಳವೇ ಕೆಂಪಾಗುತ್ತಿತ್ತು. ಹೊರಸು, ಅಂದರೆ ಹಗ್ಗದ ಮಂಚದ ಮೇಲೆ ಶಾವಿಗೆ ಒಣಗುತ್ತಿತ್ತು. ಕಾಗೆ ಕಾಯುವ ನೆಪದಲ್ಲಿ ನಾನು ಅರ್ಧ ಒಣಗಿದ ಎಳೆಗಳನ್ನು ಮುರಿದು ತಿನ್ನುತ್ತಿದ್ದೆ. ತೊಲೆಗೆ ಉಳ್ಳಾಗಡ್ಡಿಯ ಗೊಂಚಲುಗಳು ನೇತಾಡಿದವು. ಒಲೆಗೆಂದು ತಟ್ಟಿದ ಸಗಣಿ ಕುಳ್ಳಿನ ಬಣವೆ ಹಿತ್ತಲ ಗೋಡೆಗಿಂತ ಎತ್ತರವಾಯಿತು. ನನಗಿಂತ ತುಸು ದೊಡ್ಡವಳಾದ ಅಕ್ಕನಿಗೆ ಒಲೆಯ ಕೆಂಡ ಕಾಯುವ ಕೆಲಸ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಊದಿ ಎಬ್ಬಿಸಿದರೆ ಒಂದು ಕಡ್ಡಿ ಉಳಿದಂತೆ. ಉಳಿದ ಕಡ್ಡಿಗಳನ್ನು ಆಯಿ ತನ್ನ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಆಸ್ತಿ ಆಯಿಯ ಹೊರಸಿನ ಕೆಳಗಿತ್ತು. ಅದು ಯುದ್ಧಕ್ಕೆ ಮೊದಲು ತಂದ ಒಳ್ಳೆಯ ಚಿಮಣಿ ಎಣ್ಣೆಯ ಒಂದು ಡಬ್ಬಿ. ಚಿಮಣಿ ಎಣ್ಣೆ ಎಂದರೆ ನೀವು ಹೇಳುವ ಸೀಮೆಎಣ್ಣೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ದಿನದ ದೀಪಕ್ಕೆ ಸಂತೆಯಲ್ಲಿ ಸಿಗುತ್ತಿದ್ದ ಹೊಸ ಎಣ್ಣೆ. ಅದಕ್ಕೆ ಯಾರೋ ನೀರು ಬೆರೆಸುತ್ತಿದ್ದರು. ಕಂದೀಲು ಚಟಚಟ ಎಂದು ಸಿಡಿಯುತ್ತ ಉಣ್ಣುವ ಹೊತ್ತಿಗೆ ಸರಿಯಾಗಿ ಆರಿಬಿಡುತ್ತಿತ್ತು. ಕತ್ತಲಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ರೊಟ್ಟಿ ಹುಡುಕುತ್ತ ಅನ್ನುತ್ತಿದ್ದ: “ಈ ಎಣ್ಣಿ ದೀಪಕ್ಕಲ್ಲ ಬಿಡವಾ, ಕಂದೀಲಕ್ಕ ಜಳಕ ಮಾಡಸಾಕ ಕೊಟ್ಟಾರ.” ಎಲ್ಲರೂ ನಗುತ್ತಿದ್ದೆವು. ಆಯಿ ಮಾತ್ರ ಆ ಎಣ್ಣೆ ಮಾರಿದವನ ವಂಶಕ್ಕೇ ಬೈಯುತ್ತಿದ್ದಳು.

ಯುಗಾದಿ ಮುಗಿದಿತ್ತು. ಹಿಂಗಾರಿ ಜೋಳ ಅಂಗಳದಲ್ಲಿ ಒಣಗಿ, ಹಲ್ಲಿಗೆ ಹಾಕಿದರೆ ಕಟಕ್ಕೆನ್ನುವಷ್ಟು ಗಟ್ಟಿಯಾಗಿತ್ತು. ಅಂದು ಬೆಳಿಗ್ಗೆ ಅಪ್ಪ ಮತ್ತು ಕಾಕಾ ಸೇರಿ ಹಗೇವಿನ ಕಲ್ಲು ಸರಿಸಿದರು. ಒಳಗಿನಿಂದ ಬೆಚ್ಚಗಿನ ಹುಳಿ ವಾಸನೆ ಮೇಲೆದ್ದಿತು, ಹಳೆಯ ಅಂಬಲಿಯ ಗಡಿಗೆ ತೆರೆದಂತೆ. ಹಿಂದಿನ ಮಳೆಗಾಲದಲ್ಲಿ ಒಳಕ್ಕೆ ನೀರು ಜಿನುಗಿ, ತಳದಲ್ಲಿ ಉಳಿದಿದ್ದ ಜೋಳ ಕೊಳೆತಿತ್ತು. ಅದನ್ನು ಬಳಿದು ತೆಗೆಯದೆ ಹೊಸ ಕಾಳು ತುಂಬುವಂತಿರಲಿಲ್ಲ.

ಹಗೇವು ತೆರೆದ ಮೇಲೆ ಒಂದು ದಿನ ಗಾಳಿಗೆ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು, ಅದು ಒಳಗೆ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನಮ್ಮ ಕಡೆಯ ರೂಢಿ. ಆದರೆ ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಕಪ್ಪು ಮೋಡ ಎದ್ದಿತು. ಅಂಗಳದ ತುಂಬ ವರ್ಷದ ಜೋಳ. ಅದು ನೆನೆದರೆ ಆಯಿಯ ಲೆಕ್ಕವೆಲ್ಲ ತಲೆಕೆಳಗು. ಅಪ್ಪ ಮೋಡವನ್ನೊಮ್ಮೆ ಜೋಳವನ್ನೊಮ್ಮೆ ನೋಡಿ, ನಾಳೆಯ ತನಕ ಕಾಯುವುದನ್ನು ಬಿಟ್ಟು ಕಂದೀಲು ತರಿಸಿದ.

ಕಂದೀಲು ಬಾಯಿ ದಾಟಿ ಹೊಟ್ಟೆಗೆ ಇಳಿಯುತ್ತಲೇ ಕಣ್ಣು ಮುಚ್ಚಿದಂತೆ ಆರಿತು. ಮೇಲೆ ಎಳೆದು, ಒಲೆಯ ಕೆಂಡದಿಂದ ಹಚ್ಚಿ, ಮತ್ತೆ ಇಳಿಸಿದರು. ಮತ್ತೆ ಆರಿತು.

“ಏ, ಆ ಸುಡುಗಾಡು ಎಣ್ಣಿ ಅಣ್ಣಾ! ನಿನ್ನಿ ಉಣ್ಣುಮುಂದನೂ ಹಿಂಗ ಮಾಡಿತ್ತು,” ಅಂದ ಕಾಕಾ.

ಅಪ್ಪ ಆಯಿಯ ಮುಖ ನೋಡಿದ. ಬೇರೆ ದಿನವಾಗಿದ್ದರೆ ಆಯಿ ಬೇಡವೆನ್ನುತ್ತಿದ್ದಳು. ಆದರೆ ಅಷ್ಟು ದಿನ ಆ ಎಣ್ಣೆಗೆ ಬೈದು ಬೈದು ಅವಳಿಗೂ ಕಂದೀಲಿನ ಮೇಲೆ ನಂಬಿಕೆ ಹೋಗಿತ್ತು. ಮೇಲಾಗಿ ತಣ್ಣನೆಯ ಗಾಳಿ ಬೀಸತೊಡಗಿತ್ತು. “ಲಗೂನ ಮುಗಿಸಪಾ,” ಎಂದಳು.

ಅಪ್ಪ ಕಂಕುಳ ಕೆಳಗೆ ಹಗ್ಗ ಕಟ್ಟಿಕೊಂಡು ಇಳಿದ. ಒಳಗಿದ್ದವರು ಮಾತಾಡುತ್ತಲೇ ಇರಬೇಕು ಎನ್ನುವುದು ಆಯಿಯ ನಿಯಮ. ಅಪ್ಪನೋ ಮಾತು ಕಡಿಮೆಯ ಮನುಷ್ಯ. ಹೊಲದಲ್ಲಿ ಎತ್ತುಗಳ ಜೊತೆಗಷ್ಟೇ ಹರಟುತ್ತಿದ್ದ. ಹಗೇವಿನೊಳಗೆ ಅವನು ಮಾತು ಹುಡುಕಿ ಹುಡುಕಿ ಆಡುವುದನ್ನು ಕೇಳಲು ನಾವು ಮಕ್ಕಳು ಕಾಯುತ್ತಿದ್ದೆವು. ಅಂದೂ ನೆಲದೊಳಗಿನಿಂದ ಅವನ ದನಿ ದಪ್ಪಗೆ ಬಂತು:

“ನಿಮ್ಮ ಕಾಕಾ ಕಳದೀನಿ ಅಂದಿದ್ದ ಕಸಬರಿಗಿ ಇಲ್ಲೇ ಐತ್ರೋ! ಊರೆಲ್ಲಾ ಹುಡುಕಿಸಿದ್ದ.”

“ಕಳೀಬಾರದಂತ ಅಲ್ಲೇ ಇಟ್ಟಿದ್ದೆ,” ಎಂದು ಕಾಕಾ ಕೂಗಿದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಅಷ್ಟರಲ್ಲಿ ಹಿತ್ತಲಿನಿಂದ ಅಕ್ಕ ಕಣಿಕೆಯ ಹೊರೆ ಹೊತ್ತು ಬಂದಳು. ಆರಿದ ಕಂದೀಲು ಕಂಡು ಏನಾಯಿತೆಂದು ಕೇಳಿದಳು. ಕಾಕಾ ಜಳಕದ ಮಾತನ್ನೇ ಮತ್ತೆ ಆಡಿದ. ಅಕ್ಕ ನಗಲಿಲ್ಲ. ಹೊರೆಯನ್ನು ಅಲ್ಲೇ ಕೆಡವಿ ಆಯಿಯ ಕಡೆ ನೋಡಿದಳು. ಬೈಗುಳಕ್ಕೆ ಹೆದರಿ ತುಟಿ ಕಚ್ಚಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು:

“ಕಾಕಾ, ಅದ್ರಾಗ ಸಂತಿ ಎಣ್ಣಿ ಇಲ್ಲ. ಕತ್ತಲಾಗ ರೊಟ್ಟಿ ಬಡದು ಸಾಕಾಗಿತ್ತು ನನಗ. ಮುಂಜಾನೆ ಆಯಿ ಡಬ್ಬಿಯಿಂದ ಹಾಕೀನಿ. ಛಲೋ ಎಣ್ಣಿ ಐತಿ ಅದು!”

ಒಳ್ಳೆಯ ಎಣ್ಣೆಯ ದೀಪ ಒಳಗೆ ಆರಿದೆ. ಒಳಗೆ ಅಪ್ಪ ಇದ್ದಾನೆ.

“ಮಗಾ, ಮ್ಯಾಲ ಬಾರೋ!” ಎಂದು ಆಯಿ ಚೀರಿದಳು. ಕೆಳಗಿನಿಂದ ಅಪ್ಪನ ದನಿ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ಬಂತು. “ಕಾಲು... ಯಾಕೋ ಕಾಲು...” ಅಷ್ಟೇ. ಏನೋ ಮೆತ್ತಗೆ ಬಿದ್ದ ಸದ್ದಾಯಿತು. ಆಮೇಲೆ ಸದ್ದಿಲ್ಲ.

ಕಾಕಾ ಒಳಗೆ ಧುಮುಕಲು ಕಾಲಿಟ್ಟೇಬಿಟ್ಟ. ಒಣಕಲು ದೇಹದ ಆಯಿ ಅವನ ಧೋತರ ಹಿಡಿದು ಹಿಂದಕ್ಕೆ ಜಗ್ಗಿದಳು. ಆ ಬಲ ಎಲ್ಲಿಂದ ಬಂತೋ! “ನೀ ಬಿದ್ರ ನಿನ್ನ ಯಾರು ಎತ್ತಬೇಕು? ಹಗ್ಗ ಹಿಡಿ!” ಎಂದಳು. ಹೆತ್ತ ಮಗ ಕೆಳಗೆ ಬಿದ್ದಿರುವಾಗ ಇನ್ನೊಬ್ಬ ಮಗನನ್ನು ತಡೆದು ನಿಲ್ಲಿಸಿದ ಆ ಮುಖ ನನಗೆ ಮರೆತಿಲ್ಲ.

ಕಾಕಾ, ಅವ್ವ, ಆಯಿ ಹಗ್ಗ ಹಿಡಿದರು. ತುದಿಗೆ ನಾನೂ ಜೋತುಬಿದ್ದೆ. ಭಾರ ಮೆಲ್ಲಗೆ ಮೇಲೆ ಬಂತು. ಬಾಯಿಯ ಹತ್ತಿರ ಬಂದು ಗಕ್ಕನೆ ನಿಂತುಬಿಟ್ಟಿತು. ಎಚ್ಚರವಿದ್ದರೆ ತೋಳು ಮೇಲೆತ್ತಿ ಬರುತ್ತಿದ್ದ ಅಪ್ಪನ ತೋಳುಗಳು ಈಗ ಜೋತುಬಿದ್ದಿದ್ದವು. ಭುಜಗಳು ಹಗೇವಿನ ಕೊರಳಿನ ಕೆಳಗಿನ ಅಂಚಿಗೆ ಸಿಕ್ಕಿಕೊಂಡವು. ಕಾಕಾ ಎಷ್ಟು ಜಗ್ಗಿದರೂ ಕದಲಲಿಲ್ಲ.

ಆಗ ಅಕ್ಕ ನೆಲದ ಮೇಲೆ ಬೋರಲು ಬಿದ್ದಳು. ಉಸಿರು ಬಿಗಿಹಿಡಿದು ಆ ಕಿಂಡಿಯಲ್ಲಿ ತಲೆ ತೂರಿಸಿ, ಒಂದು ಕೈ ಒಳಗಿಳಿಸಿದಳು. ಅವಳ ಜಡೆ ಕತ್ತಲೊಳಕ್ಕೆ ಇಳಿಬಿದ್ದಿತು. ಒಂದು ಗಳಿಗೆಗೆ ತಲೆ ಹೊರತೆಗೆದು ಕೂಗಿದಳು: “ಹಗ್ಗ ಸಡ್ಲ ಬಿಡ್ರಿ!”

“ಹುಚ್ಚಿ, ಬಿಟ್ರ ಕೆಳಗ ಹೋಗತಾನ!” ಕಾಕಾ ಅಳುತ್ತಿದ್ದ.

“ಬಿಡ್ರಿ ಕಾಕಾ, ಕೈ ಸಿಗವಲ್ದು!”

ಆಯಿ ತಲೆಯಾಡಿಸಿದಳು. ಹಗ್ಗ ಗೇಣಷ್ಟು ಸಡಿಲವಾಯಿತು. ಆ ಗಳಿಗೆ ಎಷ್ಟು ಉದ್ದವಿತ್ತು ಎಂದು ನನಗೆ ಇವತ್ತಿಗೂ ತಿಳಿಯದು. ಅಕ್ಕ ಅಪ್ಪನ ಒಂದು ಮುಂಗೈ ಹಿಡಿದು ಅವನ ತಲೆಯ ಮೇಲಕ್ಕೆ ಎಳೆದಳು. ಭುಜ ಓರೆಯಾಯಿತು. “ಈಗ ಜಗ್ಗ್ರಿ!” ಎಂದಳು. ಅಪ್ಪನ ಕೈ ಹೊರಬಂತು, ಆಮೇಲೆ ತಲೆ, ಆಮೇಲೆ ಒಂದು ಭುಜ.

ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ನೇರಳೆ ಹಣ್ಣು ತಿಂದವನಂತೆ. ಅವ್ವ ನೀರು ಚಿಮುಕಿಸಿದಳು. ಆಯಿ ಜೋಳ ಕೇರುತ್ತಿದ್ದ ಮೊರದಿಂದಲೇ ಗಾಳಿ ಹಾಕಿದಳು. ಬಹಳ ಹೊತ್ತಿನ ಮೇಲೆ ಅಪ್ಪ ಕೆಮ್ಮಿದ, ಕಣ್ಣು ಬಿಟ್ಟ, ಸುತ್ತ ಬಾಗಿದ್ದ ನಮ್ಮನ್ನೆಲ್ಲ ನೋಡಿದ. ಆಮೇಲೆ ಗೊಗ್ಗರು ದನಿಯಲ್ಲಿ ಹೇಳಿದ:

“ಕಸಬರಿಗಿ ಅಲ್ಲೇ ಬಿಟ್ಟೆ.”

ಕಾಕಾ ನಗುತ್ತ ಅಳುತ್ತ ಅಣ್ಣನ ಕಾಲ ಮೇಲೆ ತಲೆಯಿಟ್ಟುಬಿಟ್ಟ.

ಮಳೆ ದಪ್ಪ ಹನಿಗಳಲ್ಲಿ ಬಂದೇಬಿಟ್ಟಿತು. ಮನೆಯಲ್ಲಿದ್ದ ಕಂಬಳಿ, ಕೌದಿ, ಅವ್ವನ ಸೀರೆ ಎಲ್ಲ ಜೋಳದ ಮೇಲೆ ಹರವಿದೆವು. ಅಂಚಿನ ಜೋಳ ನೆನೆಯಿತು. ಅದನ್ನೇ ಮೊದಲು ಕುಟ್ಟಿ ನುಚ್ಚು ಮಾಡಿ, ಬಿಸಿ ಬಿಸಿ ಮಜ್ಜಿಗೆಸಾರಿನ ಜೊತೆ ಉಂಡೆವು. ಗೋಡೆಗೆ ಒರಗಿ ಕುಳಿತ ಅಪ್ಪನಿಗೆ ಅಕ್ಕನೇ ತುತ್ತು ಮಾಡಿ ಕೊಟ್ಟಳು. ಹೊರಗೆ ಮಣ್ಣಿನ ವಾಸನೆ, ಒಳಗೆ ನುಚ್ಚಿನ ಹಬೆ. ಆ ಊಟದಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡಿಲ್ಲ.

ಆಯಿ ಅಕ್ಕನಿಗೆ ಬೈಯಲಿಲ್ಲ. ಊಟವಾದ ಮೇಲೆ ಎಣ್ಣೆಯ ಡಬ್ಬಿಯನ್ನು ಹೊರಸಿನ ಕೆಳಗಿನಿಂದ ಎಳೆದು ತಂದು ಅವಳ ಮುಂದಿಟ್ಟು, “ಇನ್ಮ್ಯಾಲ ಇದು ನಿನ್ನ ತಾಬೇಕ, ನೀನ ನೋಡ್ಕೋ,” ಎಂದಳು. ಹಗೇವು ಕೆಲವು ದಿನ ಬಾಯಿ ತೆರೆದುಕೊಂಡೇ ಇತ್ತು. ಬೇವಿನ ಟೊಂಗೆಗಳ ಹೊರೆ ಕಟ್ಟಿ, ಬಾವಿಯಲ್ಲಿ ಕೊಡ ಆಡಿಸಿದಂತೆ ಇಳಿಸಿ ಎತ್ತಿ, ಒಳಗಿನ ಗಾಳಿ ಕದಡಿದರು. ಕಂದೀಲು ತಳದಲ್ಲಿ ನಿಶ್ಚಿಂತೆಯಾಗಿ ಉರಿದ ಮೇಲೆಯೇ ಕಾಕಾ ಇಳಿದ. ಆ ವರ್ಷ ನಾವು ಯಾರ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ. ಬದಲಿಗೆ ನಮ್ಮ ಬಾಗಿಲಿಗೆ ಬಂದವರಿಗೆ ಆಯಿ ಮೊರ ತುಂಬ ಜೋಳ ಹಾಕಿದಳು.

ಮುಂದೆ ನಾನು ಕಾಲೇಜಿಗೆ ಹೋದೆ. ಒಂದು ದಿನ ರಸಾಯನಶಾಸ್ತ್ರದ ಮೇಷ್ಟ್ರು ಗಾಜಿನ ಪಾತ್ರೆಯಿಂದ ಕಣ್ಣಿಗೆ ಕಾಣದ ಏನನ್ನೋ ಉರಿಯುವ ಮೇಣದಬತ್ತಿಯ ಮೇಲೆ ಸುರಿದರು. ಬತ್ತಿ ಆರಿತು. ತೇವದ ಕಾಳು ಕೊಳೆಯುವಾಗ ಈ ಗಾಳಿ ಹುಟ್ಟುತ್ತದೆ, ಇದು ಭಾರ, ತಳದಲ್ಲೇ ನಿಲ್ಲುತ್ತದೆ, ಇದರಲ್ಲಿ ಉಸಿರಾಡಲು ಆಗುವುದಿಲ್ಲ ಎಂದು ವಿವರಿಸಿದರು. ಉಳಿದ ಹುಡುಗರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟುಬಿಟ್ಟೆ. ಕಾರಣ ತಿಳಿದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು, ನನಗೆ ಹಾಗಾಗಲಿಲ್ಲ. ಈಗಲೂ ಕೆಲವೊಮ್ಮೆ ಕನಸಿನಲ್ಲಿ ಹಗ್ಗದ ತುದಿ ಹಿಡಿದು ಜಗ್ಗುತ್ತಲೇ ಇರುತ್ತೇನೆ, ಭಾರ ಮೇಲೆ ಬರುವುದೇ ಇಲ್ಲ. ಎಚ್ಚರವಾದಾಗ ಅಪ್ಪ ಮುದುಕನಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದು ನೆನಪಾಗಿ ಸಮಾಧಾನವಾಗುತ್ತದೆ.

ನಿಮ್ಮ ಮನೆಯಲ್ಲಿ ಜೋಳ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಟ್ಟೆಯ ಮೇಲೆಯೇ ಇದೆ. ಹಿಟ್ಟು ಮುಗಿದರೆ ಅಂಗಡಿಗೆ ಒಂದು ಫೋನು ಸಾಕು. ನಿಮ್ಮ ಊಟಕ್ಕಾಗಿ ಯಾರೂ ಕತ್ತಲೊಳಗೆ ಇಳಿಯಬೇಕಾಗಿಲ್ಲ, ಅದು ನನಗೆ ಬಹಳ ಸಂತೋಷ. ಆದರೆ ಅಂಗಳದಲ್ಲಿ ನಿಮಗೂ ಒಂದು ನೀರಿನ ಸಂಪು ಇದೆ. ಹೋದ ತಿಂಗಳು ಅದನ್ನು ತೊಳೆಯಲು ಬಂದ ಹುಡುಗ ಮುಚ್ಚಳ ತೆಗೆದವನೇ ಒಳಗೆ ಕಾಲಿಟ್ಟಾಗ ನಾನು ಕೋಲು ಬಡಿದು ಕೂಗಾಡಿದೆ. ಅಜ್ಜನಿಗೆ ಏನಾಯಿತೆಂದು ನೀವೆಲ್ಲ ಓಡಿಬಂದಿರಿ. ನಾನು ಅವನನ್ನು ಮಧ್ಯಾಹ್ನದ ತನಕ ಇಳಿಯಗೊಡಲಿಲ್ಲ, ಇಳಿದ ಮೇಲೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ನಿಮ್ಮಮ್ಮ ಊಟಕ್ಕೆ ಕರೆದು ಕರೆದು ಸಾಕಾದಳು. ಆ ಹುಡುಗ ಒದ್ದೆ ಬಟ್ಟೆಯಲ್ಲಿ ಮೇಲೆ ಬಂದು, “ಅಜ್ಜಾರ, ಒಂದೀಟು ಚಾ ಸಿಗತೈತೇನ್ರಿ?” ಎಂದು ಕೇಳಿದ. ಆಮೇಲೆ ನಾನು ಎದ್ದು ಊಟಕ್ಕೆ ಕೈ ತೊಳೆದುಕೊಂಡೆ.