ಸಂಗೀತದ ಕೋಣೆಯಿಂದ ಬಂದ ಕೂಗು

ಪೊಲೀಸ್ ನೌಕರಿಯಲ್ಲಿ ಸುಳ್ಳು ಹೇಳಿಕೆಗಳನ್ನು ಬೇಕಾದಷ್ಟು ಕೇಳಿದವಳು ನಾನು. ಅದಕ್ಕೇ ಇದನ್ನು ಹೇಳಲು ಇಷ್ಟು ದಿನ ಹಿಂಜರಿದೆ. ಆದರೆ ಇದು ನನಗೇ ಆದದ್ದು. ಒಂದಕ್ಷರವೂ ಕಟ್ಟಿದ್ದಲ್ಲ.

ನಾನು ಧಾರವಾಡದ ಕಡೆಯವಳು, ಕೇಂದ್ರ ಪಡೆಯೊಂದರಲ್ಲಿ ಎಎಸ್‌ಐ. ಇದು ನಡೆದಾಗ ಕೋಲ್ಕತ್ತಕ್ಕೆ ಬಂದು ಏಳು ವರ್ಷವಾಗಿತ್ತು. ಆಗ ನನ್ನನ್ನು ಟಾಲಿಗಂಜ್‌ನಲ್ಲಿ ಸರ್ಕಾರಿ ನೌಕರರ ಮಕ್ಕಳು ಓದುವ ಒಂದು ಶಾಲೆಯ ಕಾವಲಿಗೆ ಹಾಕಿದ್ದರು. ಮಗಳು ತನು ಅಲ್ಲೇ ಮೂರನೇ ಕ್ಲಾಸು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಒಂದೊಂದೇ ಕೋಣೆ ನೋಡಿ ಬೀಗ ಹಾಕುವುದು ನನ್ನ ಕೆಲಸ. ಅಲ್ಲಿಯವರೆಗೆ ತನು ಹಳೆಯ ಗೇಟ್‌ಮನ್ ನಿಮಾಯ್‌ದಾ ಹತ್ತಿರ ಕೂತಿರುತ್ತಿದ್ದಳು.

ಅದು ಡಿಸೆಂಬರ್. ಇಲ್ಲಿ ಚಳಿಗಾಲದಲ್ಲಿ ಐದಕ್ಕೆಲ್ಲ ಕತ್ತಲು. ಎರಡನೇ ಮಹಡಿಯಲ್ಲಿ ಕರೆಂಟು ಇರಲಿಲ್ಲ. ಟಾರ್ಚ್ ಹಿಡಿದು ಹೋದೆ. ಸೀಮೆಸುಣ್ಣದ ಧೂಳು, ಹಳೇ ಹಾರ್ಮೋನಿಯಂನ ಮುಗ್ಗಲು ವಾಸನೆ... ಸಂಗೀತದ ಕೋಣೆ ಕಟ್ಟಕಡೆಯದು.

"ಯವ್ವಾ..."

ಒಳಗಿನಿಂದ. ತನು ದನಿ. ನನ್ನ ತನುವಿನದೇ.

"ಬಂದೆ, ತಡಿಯವಾ," ಎಂದೆ, ಯೋಚಿಸದೆ.

"ಯವ್ವಾ, ಇಲ್ಲೇ ಅದೀನಿ. ಒಳಗ ಬಾ."

ನಂಬಿ, ಮಗಳು ಕನ್ನಡ ಆಡಿದಳಲ್ಲ ಎಂದು ಮೊದಲು ಖುಷಿಯಾಯಿತು. ಇಲ್ಲಿಗೆ ಬಂದಾಗ ತನು ಇನ್ನೂ ಕಂಕುಳ ಕೂಸು. ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ. ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ನನ್ನನ್ನು ಕರೆಯುವುದು ಮಮ್ಮಿ ಎಂದು...

ಕಾಲು ಹೊಸ್ತಿಲಲ್ಲೇ ನಿಂತಿತು.

ಅಷ್ಟರಲ್ಲಿ ಕೆಳಗಿನಿಂದ ಹಸಿವಿನ ಕೂಗು, "ಮಮ್ಮೀ! ಚಲೋ ನಾ, ಭೂಖ್ ಲಗೀ ಹೈ!"

ವರಾಂಡದಿಂದ ಬಗ್ಗಿ ನೋಡಿದೆ. ಗೇಟಿನ ದೀಪದಡಿ, ನಿಮಾಯ್‌ದಾ ಕೈ ಹಿಡಿದು ತನು ನಿಂತಿದ್ದಳು.

ಟಾರ್ಚನ್ನು ಒಳಗೆ ಬಿಡುವ ಧೈರ್ಯ ಬರಲಿಲ್ಲ. ಬಾಗಿಲೆಳೆದು ಬೀಗ ಒತ್ತಿದೆ. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ನಿಮಾಯ್‌ದಾ ನನ್ನ ಮುಖ ನೋಡಿದರು. ಹೇಳಿದೆ. ಅವರು ನಗಲಿಲ್ಲ. ತನುವಿಗೆ ಕೇಳದಂತೆ ಮೆಲ್ಲಗೆ ಕೇಳಿದರು.

"ದೀದಿ, ಎಷ್ಟು ಸಲ ಕರೀತು?"

"ಯಾಕೆ ದಾದಾ?"

"ನಮ್ಮಲ್ಲಿ ಅದಕ್ಕೆ ನಿಶಿ ಅಂತೀವಿ. ಬೇಕಾದವರ ದನಿಯಲ್ಲೇ ಕರೆಯುತ್ತೆ. ಆದ್ರೆ ಎರಡೇ ಸಲ. ಮೂರನೇ ಸಲ ಕರೆಯೋಕೆ ಅದರ ಕೈಲಾಗಲ್ಲ. ಮೂರು ಸಲ ಕರೆದ್ರೆ ಮನುಷ್ಯರೇ."

ಮನಸ್ಸಿನಲ್ಲೇ ಎಣಿಸಿದೆ. ಬೀಗ ಬಿದ್ದ ಮೇಲೆ, ಬಾಗಿಲಿನ ಆಚೆ, ತೀರಾ ಹತ್ತಿರದಿಂದ ಇನ್ನೊಮ್ಮೆ ಕೇಳಿತ್ತು... "ಯವ್ವಾ."

ಯಾರದೋ ಮಗುವನ್ನು ಕೂಡಿಹಾಕಿ ಬಂದೆನೇ?

ತನುವನ್ನು ಎತ್ತಿಕೊಂಡೇ ಮೇಲಕ್ಕೆ ಓಡಿದೆ. ಹಿಂದೆ ಏದುಸಿರು ಬಿಡುತ್ತಾ ನಿಮಾಯ್‌ದಾ. ಅವಸರದಲ್ಲಿ ಬೀಗದ ಕೈ ಎರಡು ಸಲ ಬಿತ್ತು. ಬಾಗಿಲು ತೆರೆದು ಮೂಲೆಮೂಲೆಗೂ ಟಾರ್ಚ್ ಹಾಯಿಸಿದೆವು. ಚಾಪೆಗಳು, ತಬಲಾ, ಸರಳು ಹಾಕಿದ ಕಿಟಕಿ. ಬೆಕ್ಕು ಕೂಡ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಾಜರಿಯಲ್ಲಿ ಯಾವ ಮಗುವೂ ಕಡಿಮೆ ಇರಲಿಲ್ಲ. ಸುತ್ತಲಿನ ಠಾಣೆಗಳಲ್ಲಿ ವಿಚಾರಿಸಿದೆ. ಯಾವ ದೂರೂ ಇಲ್ಲ.

ಗಾಬರಿಯಲ್ಲಿ ಲೆಕ್ಕ ತಪ್ಪಿರಬೇಕು, ಎರಡೇ ಸಲ ಕರೆದಿರಬೇಕು ಎಂದು ನಿಮಾಯ್‌ದಾ ಈಗಲೂ ಸಮಾಧಾನ ಹೇಳುತ್ತಾರೆ. ನಾನೂ ಹೂಂ ಅನ್ನುತ್ತೇನೆ.

ಆದರೆ ನನಗೆ ಚೆನ್ನಾಗಿ ಗೊತ್ತು... ಮೂರು.