ಮಾಡಿದ್ದನ್ನೇ ಮಾಡಲು ಸೂಚಿಸಿದವನು

ಅಮೆರಿಕದ ಒಂದು ವಿಶ್ವವಿದ್ಯಾಲಯ ಪ್ರತಿವರ್ಷ ಹೊರದೇಶಗಳ ಕೆಲವು ಶಿಕ್ಷಕರನ್ನು ಕರೆಸಿ, ಒಂದು ಸೆಮಿಸ್ಟರ್ ಸಾಕಿ, ವಾಪಸು ಕಳಿಸುತ್ತದೆ. ಇದಕ್ಕೆ ಫೆಲೋಶಿಪ್ ಎಂದು ಹೆಸರು. ಕರೆಸುವುದು ಹೊಸಬರನ್ನಲ್ಲ, ಪೆನ್ಷನ್ ಫೈಲು ಕಟ್ಟುತ್ತಿರುವವರನ್ನೂ ಅಲ್ಲ. ಅರ್ಧ ಸರ್ವಿಸು ಮುಗಿದು, ತಾನು ಕಲಿಸಿದ್ದರಿಂದ ಯಾರಾದರೂ ಏನಾದರೂ ಕಲಿತರೇ ಎಂಬ ಸಂಶಯ ಶುರುವಾದ ವಯಸ್ಸಿನವರನ್ನು. ಆ ಸಂಶಯ ನನಗಿತ್ತೆಂದು ಹೇಳಲಾರೆ. ವಯಸ್ಸು ಮಾತ್ರ ಸರಿಯಿತ್ತು.

ನರಸಿಂಹರಾಜಪುರದ ಪ್ರೌಢಶಾಲೆಯೊಂದರ ಇಂಗ್ಲಿಷ್ ಮೇಷ್ಟ್ರಾದ ನಾನು ಹೀಗೆ ವಿಮಾನ ಹತ್ತಿದೆ. ನಮ್ಮ ತಂಡದಲ್ಲಿ ಹತ್ತಾರು ದೇಶದವರಿದ್ದರು. ನನ್ನ ಪಕ್ಕದ ಕೋಣೆಯಲ್ಲಿ ಕೀನ್ಯಾದ ಒಬ್ಬ ಹೆಡ್‌ಮಾಸ್ಟರು. ದೊಡ್ಡ ಆಳು, ಮಾತಾಡುವ ಮೊದಲು ಕನ್ನಡಕ ತೆಗೆದು ಒರೆಸಿಕೊಳ್ಳುವ ಪದ್ಧತಿಯವರು. ಮೊದಲ ವಾರದಲ್ಲೇ ಅಲ್ಲಿನ ಪ್ರೊಫೆಸರಮ್ಮ ಒಬ್ಬರು ನಮ್ಮನ್ನೆಲ್ಲ ಸುತ್ತ ಕೂರಿಸಿ, ನಿಮ್ಮ ಊರಿನಲ್ಲಿ ನೀವೇ ಕಂಡುಕೊಂಡ ಒಂದು ಕ್ರಮವನ್ನು ವಿವರಿಸಿ ಎಂದರು. ಅರ್ಜಿಯಲ್ಲಿ ಬರೆದದ್ದನ್ನೇ ಬಾಯಲ್ಲಿ ಹೇಳುವುದು. ನಾನು ದಾರಿಪುಸ್ತಕದ ವಿಷಯ ಹೇಳಿದೆ. ಮುಗಿಸುವಷ್ಟರಲ್ಲಿ ಪ್ರೊಫೆಸರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ತಲೆ ತಗ್ಗಿಸಿದೆ. ಅದನ್ನವರು ಭಾರತೀಯರ ವಿನಯವೆಂದು ತಿಳಿದುಕೊಂಡರು.

ದಾರಿಪುಸ್ತಕ ನನ್ನದಾಗಿರಲಿಲ್ಲ.

ಅದು ಬಸರೀಕಟ್ಟೆ ಕಡೆ, ಕಾಫಿ ಎಸ್ಟೇಟಿನ ಬೇಲಿಗೆ ಒತ್ತಿಕೊಂಡಂತಿರುವ ಕಿರಿಯ ಪ್ರಾಥಮಿಕ ಶಾಲೆಯೊಂದರ ಮೇಡಂ ಮಾಡಿದ್ದು. ಕೊಪ್ಪ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರ ಮಗಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಉಳಿದ ದಾರಿಯನ್ನು ಯಾವುದಾದರೂ ಎಸ್ಟೇಟ್ ಜೀಪಿಗೆ ಕೈ ಅಡ್ಡ ಹಾಕಿ ಮುಗಿಸುವವರು. ಕಾಫಿ ಕೊಯ್ಲಿಗೆಂದು ಬಯಲುಸೀಮೆಯಿಂದ ಬರುವ ಕುಟುಂಬಗಳ ಮಕ್ಕಳು ನವೆಂಬರಿನಲ್ಲಿ ಅವರ ಶಾಲೆಗೆ ಸೇರುತ್ತಾರೆ, ಫೆಬ್ರವರಿಯಲ್ಲಿ ಒಂದು ದಿನ ಹೇಳದೆ ಕೇಳದೆ ಲಾರಿ ಹತ್ತುತ್ತಾರೆ. ಮುಂದಿನ ಊರಿನ ಮೇಷ್ಟ್ರು ಪಾಠವನ್ನು ಮತ್ತೆ ಅ ಆ ಇ ಈಯಿಂದ ಶುರುಮಾಡುತ್ತಾರೆ. ಹೀಗೆ ನಾಲ್ಕು ವರ್ಷ ಅಕ್ಷರಮಾಲೆಯನ್ನೇ ಕಲಿತ ಮಕ್ಕಳುಂಟು.

ಇದಕ್ಕೆ ಮೇಡಂ ಒಂದು ಉಪಾಯ ಮಾಡಿದ್ದರು. ಬಂದ ದಿನವೇ ಪ್ರತಿ ಮಗುವಿಗೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಹೊಲಿದ ಒಂದು ತೆಳು ಪುಸ್ತಕ. ಮಗು ಎಲ್ಲಿಯವರೆಗೆ ಓದಬಲ್ಲದು, ಯಾವ ಲೆಕ್ಕಕ್ಕೆ ಅಂಜುತ್ತದೆ, ಬೈದರೆ ಊಟ ಬಿಡುತ್ತದೆಯೇ, ಹಾಡಲು ಬರುತ್ತದೆಯೇ, ಎಲ್ಲವನ್ನೂ ವಾರಕ್ಕೊಮ್ಮೆ ಅದರಲ್ಲಿ ಬರೆಯುವುದು. ಕಡೆಯ ಪುಟದಲ್ಲಿ ಮುಂದಿನ ಶಿಕ್ಷಕರಿಗೆ ಒಂದು ಕೋರಿಕೆ: ದಯವಿಟ್ಟು ಇಲ್ಲಿಂದ ಮುಂದುವರಿಸಿ, ನೀವೂ ಬರೆಯಿರಿ. ಪುಸ್ತಕ ಸದಾ ಮಗುವಿನ ಚೀಲದಲ್ಲೇ ಇರಬೇಕು, ಲಾರಿ ಯಾವತ್ತು ಬರುತ್ತದೋ ಗೊತ್ತಿಲ್ಲವಲ್ಲ. ಮರುವರ್ಷ ಕೆಲವು ಮಕ್ಕಳು ಬೇರೆ ಬೇರೆ ಊರಿನ ಶಿಕ್ಷಕರ ಅಕ್ಷರ ತುಂಬಿದ ಪುಸ್ತಕ ಹಿಡಿದು ಮರಳಿದ್ದರು.

ಇನ್ನು ಅದು ನನ್ನದಾದ ಬಗೆ. ಪ್ರೌಢಶಾಲೆಗೆ ಬರುವ ಮೊದಲು ನಾನು ಆ ಭಾಗದ ಸಿ.ಆರ್.ಪಿ. ಆಗಿದ್ದೆ, ಅಂದರೆ ಒಂದಿಷ್ಟು ಶಾಲೆಗಳನ್ನು ಸುತ್ತಿ, ನೋಡಿ, ಸಹಿ ಹಾಕುವ ಹುದ್ದೆ. ಪ್ರತಿ ಶಾಲೆಯಲ್ಲೂ ಸಂದರ್ಶನ ಪುಸ್ತಕ ಇರುತ್ತದೆ. ಹೋದವರು ಅದರಲ್ಲಿ ಏನಾದರೂ ಬರೆಯಲೇಬೇಕು, ಮತ್ತು ಬರೆದದ್ದು ಸೂಚನೆಯ ರೂಪದಲ್ಲೇ ಇರಬೇಕು. ಶಾಲೆಯಲ್ಲಿ ಕೈತೋಟ ಚೆನ್ನಾಗಿದೆಯೆನ್ನಿ, ‘ಚೆನ್ನಾಗಿದೆ’ ಎಂದು ಬರೆದರೆ ಹೋದವನ ಉಪಯೋಗವೇನು? ‘ಕೈತೋಟವನ್ನು ಬೆಳೆಸಲು ಸೂಚಿಸಲಾಯಿತು.’ ಮುಂದೆ ಬಂದವರು ಓದಿ, ಪರವಾಗಿಲ್ಲ, ಸೂಚನೆ ಪಾಲಿಸಿದ್ದಾರೆ ಎಂದುಕೊಳ್ಳುತ್ತಾರೆ. ಯಾರಿಗೂ ನಷ್ಟವಿಲ್ಲದ ವ್ಯವಸ್ಥೆ ಎಂದು ನಾನೂ ನಂಬಿದ್ದೆ. ಆ ದಿನ ಮೇಡಂ ಕೊಟ್ಟ ಚಹಾ ಕುಡಿದು, ಅವರ ದಾರಿಪುಸ್ತಕಗಳನ್ನು ಒಂದೊಂದಾಗಿ ನೋಡಿ, ನಿಜಕ್ಕೂ ಬೆರಗಾಗಿ, ಬರೆದೆ: ‘ವಲಸೆ ಮಕ್ಕಳಿಗೆ ಪ್ರತ್ಯೇಕ ಪುಸ್ತಕ ನಿರ್ವಹಿಸಲು ಸೂಚಿಸಲಾಯಿತು.’ ಸಹಿ, ಮೊಹರು.

ವರ್ಷಗಳ ಮೇಲೆ ಅರ್ಜಿ ತುಂಬುವಾಗ ‘ನೀವೇ ಕಂಡುಕೊಂಡ ಕ್ರಮ, ದಾಖಲೆ ಸಹಿತ’ ಎಂಬ ಕಾಲಂ ಬಂತು. ನನ್ನ ಬಳಿ ಇದ್ದ ದಾಖಲೆ ಸಂದರ್ಶನ ಪುಸ್ತಕದ ಆ ಪುಟದ ಪ್ರತಿ ಒಂದೇ. ಝೆರಾಕ್ಸ್ ಲಗತ್ತಿಸಿದೆ. ವಿಶ್ವವಿದ್ಯಾಲಯದವರು ನನ್ನ ಫೋಟೋ ಜೊತೆಗೆ ಅದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು.

ಹಿಂತಿರುಗಿದ ಮೇಲೆ ಕೊಪ್ಪದಲ್ಲಿ ಶಿಕ್ಷಕ ಮಿತ್ರರು ಶಾಲು ಹೊದೆಸಿದರು. ಸಭೆ ಮುಗಿದು ಉಪ್ಪಿಟ್ಟು ತಿನ್ನುವಾಗ ಮೇಡಂ ಹತ್ತಿರ ಬಂದರು.

“ಸರ್, ಆ ಅರ್ಜಿ ನಾನೂ ಹಾಕ್ಬಹುದಾ? ವಯಸ್ಸಿನ ಮಿತಿ ದಾಟ್ಲಿಕ್ಕೆ ಇದೊಂದ್ ವರ್ಷ ಇದೆ ನಂಗೆ.”

“ಹಾಕಿ ಹಾಕಿ, ಅದಕ್ಕೇನು.”

“ನಾವೇ ಮಾಡಿದ್ದು ಒಂದು ಬರೀಬೇಕಂತಲ್ಲ. ದಾರಿಪುಸ್ತಕ ಬರೀತೇನೆ.”

ಶಾಲು ಇದ್ದಕ್ಕಿದ್ದಂತೆ ಬಿಸಿಯಾಯಿತು. “ಅದು ಬೇಡ ಮೇಡಂ, ಸಣ್ಣದಾಯ್ತು. ನಲಿ-ಕಲಿ ಬಗ್ಗೆ ಎಂತಾದ್ರೂ ಬರೀರಿ.”

“ನಲಿ-ಕಲಿ ಸರ್ಕಾರದ್ದಲ್ವಾ ಸರ್?” ಎಂದರು, ಅಷ್ಟೇ ಸಹಜವಾಗಿ.

ಅವರು ದಾರಿಪುಸ್ತಕವನ್ನೇ ಬರೆದರೆ ಅಲ್ಲಿಯವರು ನನ್ನ ಪುಟ ತೆಗೆದು ನೋಡಿ, ಈ ಹೆಂಗಸು ನಕಲು ಮಾಡಿದ್ದಾಳೆ ಎನ್ನುತ್ತಾರೆ. ಬರೆಯದಿದ್ದರೆ ಅವರಲ್ಲಿ ಬರೆಯಲು ಬೇರೆ ಇಲ್ಲ. ಕೊನೆಯ ದಿನ ಜನವರಿಯಲ್ಲಿತ್ತು. ನಾನು ಡಿಸೆಂಬರ್ ಪೂರ್ತಿ ಅವರ ಫೋನ್ ಬಂದಾಗಲೆಲ್ಲ ಮೀಟಿಂಗಿನಲ್ಲಿದ್ದೆ.

ಜನವರಿ ಮೊದಲಲ್ಲಿ ಕೀನ್ಯಾದ ಹೆಡ್‌ಮಾಸ್ಟರು ಬಂದಿಳಿದರು. ಫೆಲೋಗಳು ಒಬ್ಬರ ಊರಿಗೊಬ್ಬರು ಹೋಗಿ ಕೆಲಸ ನೋಡಿ ಬರುವ ಏರ್ಪಾಡಿತ್ತು. ಅವರು ಆರಿಸಿಕೊಂಡದ್ದು ನನ್ನನ್ನು. ಮೊದಲ ದಿನ ಶೃಂಗೇರಿಗೆ ಕರೆದೊಯ್ದು ತುಂಗೆಯ ಮೀನು ತೋರಿಸಿದೆ. ಎರಡನೇ ದಿನ ನರಸಿಂಹರಾಜಪುರದ ನಮ್ಮ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡು ತೋರಿಸಿದೆ, ಕರೆಂಟು ಬರುವವರೆಗೂ ಕಾದು. ಕನ್ನಡಕ ಒರೆಸಿಕೊಂಡು, “ಮೀನು ಚೆನ್ನಾಗಿತ್ತು. ಬೋರ್ಡೂ ಚೆನ್ನಾಗಿದೆ. ಪುಸ್ತಕ ಎಲ್ಲಿ?” ಎಂದರು.

ವಿಧಿಯಿಲ್ಲದೆ ಮೇಡಂಗೆ ಫೋನ್ ಮಾಡಿದೆ. “ನಾಳೆ ಟ್ರೈನಿಂಗ್ ಗೀನಿಂಗ್ ಎಂತ ಇಲ್ವಾ ನಿಮ್ಗೆ?”

“ಇಲ್ಲ ಸರ್, ಬನ್ನಿ ಬನ್ನಿ. ಅವ್ರು ಖಾರ ತಿಂತಾರಾ?”

ಕೊಪ್ಪದಿಂದ ಜೀಪು ಮಾಡಿಕೊಂಡು ಹೊರಟೆವು. ಅರ್ಧ ದಾರಿಗೆ ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಎಂತ ಮೇಷ್ಟ್ರೇ, ಮಗ್ಗಿ ಬಾಯಿಪಾಠ ಮಾಡ್ದೆ ಶಾಲೆಗೆ ಹೊರಟವರ ಹಂಗೆ ಬೆವರ್ತಿದೀರಲ್ಲ ಮಾರಾಯ್ರೆ!” ಎಂದ. ಅತಿಥಿಗಳು ಅವನು ಹೇಳಿದ್ದೇನೆಂದು ಕೇಳಿದರು. ರಸ್ತೆಯ ಬಗ್ಗೆ ಎಂದೆ. ಆ ದಿನದ ನನ್ನ ಭಾಷಾಂತರ ಕಾರ್ಯ ಹೀಗೆ ಶುಭಾರಂಭವಾಯಿತು.

ಶಾಲೆಯಲ್ಲಿ ಮೇಡಂ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿಟ್ಟಿದ್ದರು. ಹೆಡ್‌ಮಾಸ್ಟರು ಒಂದೊಂದನ್ನೇ ಎತ್ತಿ, ಅಕ್ಷರ ಬಾರದಿದ್ದರೂ, ಪುಟಪುಟವನ್ನೂ ತಿರುವಿದರು. ಬಯಲುಸೀಮೆಯ ಯಾರೋ ಶಿಕ್ಷಕರು ಒಂದು ಹುಡುಗಿಯ ಪುಸ್ತಕದಲ್ಲಿ ‘ಭಾಗಾಕಾರದ ಹೆದರಿಕೆ ಹೋಯಿತು’ ಎಂದು ಬರೆದಿದ್ದರು. ಅದನ್ನು ಮಾತ್ರ ನಾನು ಯಥಾವತ್ತಾಗಿ ಅನುವಾದಿಸಿದೆ. ಆಮೇಲೆ ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀನು ಆದೇಶ ಬರೆದ ಆ ಪುಟವನ್ನು ನೋಡಬಹುದೇ ಎಂದರು. ನಾನಿನ್ನೂ ಅನುವಾದಿಸಲು ಬಾಯಿ ತೆರೆದಿರಲಿಲ್ಲ. ಮೇಡಂ ಎದ್ದು ಬೀರು ತೆಗೆದು ಸಂದರ್ಶನ ಪುಸ್ತಕ ತಂದಿಟ್ಟರು. ಹುಡುಕುವ ಅಗತ್ಯವೇ ಬೀಳಲಿಲ್ಲ, ಆ ಪುಟಕ್ಕೆ ಒಂದು ಕಾಗದದ ಚೂರು ಸಿಕ್ಕಿಸಿತ್ತು.

ಇಷ್ಟಾದರೂ ನನಗೆ ಹೊಳೆಯಲಿಲ್ಲ. ಕಿರಿಯ ಪ್ರಾಥಮಿಕ ಶಾಲೆಯವರಿಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂಬುದು ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರ ಕುಲಧರ್ಮ.

ಹೆಡ್‌ಮಾಸ್ಟರು ಮೇಡಂ ಕಡೆ ಬಾಗಿ ಗೌರವದಿಂದ ಕೇಳಿದರು: ಇವರು ಈ ಸೂಚನೆ ಕೊಟ್ಟಾಗ, ಇಷ್ಟು ಕೆಲಸ ಹೇಗಪ್ಪಾ ಮಾಡುವುದು ಎನ್ನಿಸಲಿಲ್ಲವೇ?

ನಾನು ಅನುವಾದಿಸಿದೆ: “ಮಕ್ಕಳು ಬಿಟ್ಟು ಹೋಗುವಾಗ ನಿಮಗೆ ಬೇಜಾರಾಗೋದಿಲ್ವಾ ಅಂತ ಕೇಳ್ತಿದಾರೆ.”

ಮೇಡಂ ನನ್ನ ಕಡೆ ಬಾಗಿದರು. “ಅವ್ರು ಕೇಳಿದ್ದು ಅದಲ್ಲ ಸರ್,” ಎಂದರು, ಮೆಲ್ಲಗೆ, ಮಕ್ಕಳಿಗೆ ಕೇಳಿಸದಂತೆ. ಆಮೇಲೆ ಅತಿಥಿಗಳ ಕಡೆ ತಿರುಗಿ, ಮೂರನೇ ತರಗತಿಗೆ ಕಥೆ ಹೇಳುವಂಥ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದರು: ಮೊದಲು ಪುಸ್ತಕ ಆಯಿತು. ಆಮೇಲೆ ಸರ್ ಬಂದರು. ಸರ್ ನೋಡಿದರು. ಸರ್ ಬರೆದರು.

ಅಷ್ಟೇ. ದೂರಿನ ದನಿಯಿರಲಿಲ್ಲ, ಯಾವುದರ ನಂತರ ಯಾವುದು ಎಂದು ಅನುಕ್ರಮದಲ್ಲಿ ಹೇಳಿದ್ದು. “ಚಹಾ ತರ್ತೇನೆ” ಎಂದು ಒಳಗೆ ಹೋದರು. ಗೋಡೆಯ ಮೇಲೆ ಋತುಗಳ ಚಾರ್ಟ್ ಇತ್ತು. ನಾನು ಆರು ಋತುಗಳನ್ನೂ ಬಹಳ ಶ್ರದ್ಧೆಯಿಂದ ಓದಿದೆ.

ವಾಪಸು ಬರುವಾಗ ಬೈಗುಳಕ್ಕೆ ಸಿದ್ಧನಾಗಿ ಕುಳಿತಿದ್ದೆ. ಹೆಡ್‌ಮಾಸ್ಟರು ನಕ್ಕರು. ನಮ್ಮಲ್ಲೂ ಅಂಥದ್ದೇ ಪುಸ್ತಕ ಇದೆ, ನಾನು ಆರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದೆ, ಎಷ್ಟು ಕೈತೋಟ ಬೆಳೆಸಿದ್ದೇನೆಂದು ಲೆಕ್ಕವಿಲ್ಲ ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ನಗು ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಿತು. ಸಮಾಧಾನ ಹುಟ್ಟುವಷ್ಟರಲ್ಲಿ ಅವರು, ಆಕೆ ಅರ್ಜಿ ಹಾಕುತ್ತಾರೆಯೇ ಎಂದು ಕೇಳಿದರು. ಹಾಕಬೇಕೆಂದಿದ್ದಾರೆ, ಕೊನೆಯ ದಿನಕ್ಕೆ ಎರಡು ವಾರ ಇದೆ ಎಂದೆ. ಕನ್ನಡಕ ಒರೆಸಿದರು, ಹಾಕಿಕೊಂಡರು, ಕೊಪ್ಪ ಬರುವವರೆಗೆ ಒಂದು ಮಾತೂ ಆಡಲಿಲ್ಲ.

ಮಾರನೆಯ ದಿನ ವಿಶ್ವವಿದ್ಯಾಲಯಕ್ಕೆ ಬರೆದೆ. ಇದ್ದದ್ದು ಇದ್ದಂತೆ. ಮೂರು ದಿನಕ್ಕೆ ಉತ್ತರ ಬಂತು: ವೆಬ್‌ಸೈಟಿನಿಂದ ನಿಮ್ಮ ಪುಟ ತೆಗೆದುಹಾಕಿದ್ದೇವೆ, ಆ ಶಿಕ್ಷಕಿಯ ಅರ್ಜಿಯ ಜೊತೆ ನಿಮ್ಮ ಪತ್ರವೊಂದಿರಲಿ, ಮತ್ತು ನಿಮ್ಮ ಈ ಪ್ರಾಮಾಣಿಕತೆ ಅಪರೂಪದ್ದು, ಮುಂದಿನ ತಂಡಕ್ಕೆ ಮಾದರಿಯಾಗಿ ಓದಿ ಹೇಳಲು ಅನುಮತಿ ಕೊಡುವಿರಾ? ಕದ್ದದ್ದಕ್ಕೂ ಚಪ್ಪಾಳೆ, ಹಿಂದಿರುಗಿಸಿದ್ದಕ್ಕೂ ಚಪ್ಪಾಳೆ. ಅಂಥ ದೇಶದಲ್ಲಿ ಮನುಷ್ಯ ನಾಚಿಕೆಪಡಲಿಕ್ಕೆ ಎಲ್ಲಿಗೆ ಹೋಗಬೇಕೋ ತಿಳಿಯದು. ಅನುಮತಿ ಕೊಡಲಿಲ್ಲ. ನಾಚಿಕೆಪಡಲು ಬಸರೀಕಟ್ಟೆ ಬಸ್ಸು ಹತ್ತಿದೆ.

ಶನಿವಾರ, ಮಕ್ಕಳು ಮನೆಗೆ ಹೋಗಿದ್ದರು. ಮೇಡಂ ದಾರಿಪುಸ್ತಕಗಳಿಗೆ ವಾರದ ಬರಹ ಬರೆಯುತ್ತಿದ್ದರು. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣವೆಲ್ಲ ಬಾಗಿಲಲ್ಲೇ ಬಿದ್ದುಹೋಗಿ, “ತಪ್ಪಾಯ್ತು ಮೇಡಂ” ಎಂಬಷ್ಟೇ ಉಳಿಯಿತು.

“ಹೌದು ಸರ್,” ಎಂದರು. ಪರವಾಗಿಲ್ಲ ಎನ್ನುತ್ತಾರೆಂದು ಎಣಿಸಿದ್ದೆ. “ಕುಂತ್ಕೊಳ್ಳಿ. ಲೆಟರ್ ತಂದ್ರಾ?”

ಕೊಟ್ಟೆ. ಒಂದೇ ಪುಟ, ಎರಡು ರಾತ್ರಿ ಕುಳಿತು, ಒಳ್ಳೆಯ ಇಂಗ್ಲಿಷಿನಲ್ಲಿ, ದಾರಿಪುಸ್ತಕ ಸಂಪೂರ್ಣವಾಗಿ ಅವರದೇ ಎಂದು ಬರೆದದ್ದು. ಅವರು ಬೆರಳಿಟ್ಟುಕೊಂಡು ನಿಧಾನ ಓದಿದರು. ನಡುವೆ ಒಂದು ಕಡೆ ಬೆರಳು ನಿಂತಿತು. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದು ಎರಡು ಪದಗಳ ಕೆಳಗೆ ಗೆರೆ ಎಳೆದು, ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಓದಿದೆ. ‘ಈ ಶಿಕ್ಷಕಿ ಈ ಕ್ರಮವನ್ನು ತಾವೇ ರೂಪಿಸಿ, ನನ್ನ ಮಾರ್ಗದರ್ಶನದಲ್ಲಿ ಅನೇಕ ವರ್ಷ ನಡೆಸಿಕೊಂಡು ಬಂದಿದ್ದಾರೆ.’

ಅದನ್ನು ಬರೆದ ನೆನಪೇ ನನಗಿರಲಿಲ್ಲ. ದೇವರಾಣೆಗೂ ಇರಲಿಲ್ಲ. ಕೈ ತಾನಾಗಿ ಬರೆದಿತ್ತು, ಇಪ್ಪತ್ತು ವರ್ಷದ ಸರ್ವಿಸಿನ ಕೈ.

“ನೀವು ಎಂತ ಮಾರ್ಗದರ್ಶನ ಮಾಡಿದ್ದು ಸರ್?” ಸಿಟ್ಟಿರಲಿಲ್ಲ ಅವರಿಗೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

ಉತ್ತರ ಹುಡುಕಿದೆ. ಚಹಾ ಕುಡಿದದ್ದು ಬಿಟ್ಟರೆ ಬೇರೆ ಸಿಗಲಿಲ್ಲ. “ಏನಿಲ್ಲ ಮೇಡಂ,” ಎಂದೆ.

“ಹಾಗಾದ್ರೆ ಇನ್ನೊಂದ್ ಪ್ರತಿ ಬರೀರಿ. ಬಸ್ಸಿಗೆ ಟೈಮುಂಟು.”

ಬಿಳಿ ಹಾಳೆ ಕೊಟ್ಟರು. ಇದ್ದದ್ದು ಮಕ್ಕಳ ಬೆಂಚು. ಮೊಣಕಾಲು ಎದೆಗೆ ತಾಗುತ್ತಿತ್ತು. ಬರೆಯತೊಡಗಿದೆ. ಮೇಡಂ ತಮ್ಮ ಜಾಗಕ್ಕೆ ಹಿಂತಿರುಗಲಿಲ್ಲ. ಪರೀಕ್ಷೆಯಲ್ಲಿ ನಕಲು ಹೊಡೆಯುವವನ ಪಕ್ಕ ನಿಲ್ಲುವ ಹಾಗೆ, ಕೊನೆಯ ಸಾಲು ಮುಗಿಯುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದರು.